ಬಹುವಚನ

ಧಾರವಾಡದ ಕಾಲೇಜಿನ ಮ್ಯಾಲಿನ ಹಾಲ್‌ನ್ಯಾಗ
ಎರಡನೇ ಶನಿವಾರ ಪರದೇಶದ ಸಿನಿಮಾ.
ಕಿಟಕಿಗೆ ಜಮಖಾನಿ ಕಟ್ಟಿ ಕತ್ತಲಿ ಮಾಡೂದು ಆವತ್ತು ನಮ್ಮ ಪಾಳಿ.
ಹೊಸಕೇರಿ ಸರ್ ಹಲಗಿ ಮ್ಯಾಲೆ 'ಸಾಮಾಜಿಕ ಅಸಮಾನತೆ' ಅಂತ ಬರದು
ಸುಣ್ಣದ ಕೈ ಪ್ಯಾಂಟಿಗೆ ಒರಸಿಕೊಂಡು
ಸಿನಿಮಾದ ಹೆಸರು ಮೂರು ಸಲ ತಪ್ಪ ಹೇಳಿ
'ಇರಲಿ, ನೋಡ್ರಿ' ಅಂದ್ರು.

ಬಾಜೂಕ ದಿಲ್‌ಶಾದ ನದಾಫ.
ಕೆಳಗ ಓಡೂ ಇಂಗ್ಲಿಷಿನ ಸಾಲು ಆಕಿ ಓದಿ ಮುಗಸೂದ್ರಾಗ
ಮುಂದಿಂದು ಬಂದು ನಿಂತಿರತಿತ್ತು.
ಅದಕ್ಕ ನಾನು ಕಿವ್ಯಾಗ ಕನ್ನಡ ಮಾಡಿ ಹೇಳತಿದ್ದೆ,
ಇಂಗ್ಲಿಷ್ ಮೀಡಿಯಮ್ಮಿನ ಧಿಮಾಕಿನಿಂದ,
ಕೂಸಿಗೆ ಅನ್ನ ಕಲಸಿ ಉಣಿಸಿದಂಗ.

ಥಂಡಿ ದೇಶದ್ದೊಂದು ಹೋಟೆಲ್ಲು. ಅದರ ನೆಲಮಾಳಿಗ್ಯಾಗ
ಹಾಸಿಗಿ ಚಾದರಕ್ಕ ಇಸ್ತ್ರಿ ಮಾಡೂ ಹೆಂಗಸು, ಮಾರ್ತ.
ಐವತ್ತು ದಾಟಿದಾಕಿ. ಮ್ಯಾನೇಜರ್ ಆಕಿ ಮಗನಂಥವ.
ಅವ ಗಡಿಯಾರ ನೋಡಿ ಏನೋ ಅಂದ.
'ನೀವು ತಡ ಮಾಡಿ ಬಂದ್ರಿ' ಅಂತ ಹೇಳಿದೆ ನಾನು.
ದಿಲ್‌ಶಾದ ತಲಿ ಅಳ್ಳಾಡಿಸಿದಳು.
'ಇಲ್ಲ. ನೀ ಅಂದ ಅವ.'
'ಅಲ್ಲೆ ಯೂ ಅಂತ ಐತೆಲಾ!'
'ಕೆಳಗಿಂದು ಬಿಡು. ಕೇಳು.
ಅವ ಆಕಿಗೆ ತ್ಯೂ ಅಂತಾನ.
ಆಕಿ ಅವಗ ವೂ ಅಂತಾಳ.
ನಮ್ಮ ನೀವು ಒಳಗಿನ ವು ಅದು,
ಎಲ್ಲಿತನಾ ಹೋಗಿ ಕುಂತೈತಿ ನೋಡು.'

ಆಮ್ಯಾಲೆ ನನಗೂ ಬರೇ ಅದ ಕೇಳಸಾಕ ಹತ್ತಿತು.
ತ್ಯೂ, ಉಗಿ ಬಿಡೂ ಇಸ್ತ್ರಿ.
ವೂ, ಬಗ್ಗಿದ ಬೆನ್ನು.
ಇಂಗ್ಲಿಷು ಎರಡನೂ ಒಂದ ಚಾದರದಾಗ
ಸುತ್ತಿ ಇಟ್ಟಿತ್ತು.

ಕಡೀಕ ಒಂದಿನ ಆ ಹುಡುಗ
ಕುರ್ಚಿ ಸರಿಸಿ ಆಕಿಗೆ ಕುಂದ್ರಾಕ ಹೇಳಿದ.
ಮೆತ್ತಗ ಮಾತಾಡಿದ. ವೂ ಅಂದ, ಮೊದಲನೇ ಸಲ.
ಇಂಗ್ಲಿಷಿನ ಸಾಲು ಇನ್ನೂ ಬಂದಿರಲಿಲ್ಲ,
ದಿಲ್‌ಶಾದ ನನ್ನ ಮುಂಗೈ ಹಿಡದಳು:
'ಕೆಲಸದಿಂದ ತಗದ.'

ಹೌದು. ತಗದಿದ್ದ.

ಲೈಟು ಹತ್ತಿದ ಮ್ಯಾಲೆ ಚರ್ಚಾ.
ನಾನು ಎದ್ದು ನಿಂತು ಬಂಡವಾಳ, ವರ್ಗ, ಶೋಷಣೆ
ಅಂತ ಐದು ನಿಮಿಷ ಮಾತಾಡಿದೆ. ಚಪ್ಪಾಳಿ ಬಿತ್ತು.
ದಿಲ್‌ಶಾದ ಜಮಖಾನಿ ಬಿಚ್ಚಿ ಮಡಚಾಕ ಹತ್ತಿದ್ದಳು,
ಮೂಲಿಗೆ ಮೂಲಿ ಕೂಡಿಸಿ.

ಚಿಗರಿ ಬಸ್ಸು ನವನಗರ ದಾಟಿದಾಗ
ಕಿಟಕಿ ಕಡೆ ಮಾರಿ ಮಾಡಿ ಅಂದಳು:
'ನಮ್ಮಪ್ಪ ನಿಮ್ಮ ವಿದ್ಯಾನಗರಕ್ಕ ಗಾದಿ ಮಾಡಾಕ ಬರತಾನ.
ನಿಮ್ಮ ಓಣ್ಯಾಗ ಹಸರು ಗೇಟಿನ ಮನಿ ಒಂದೈತಂತ.'
ಹಸರು ಗೇಟು ನಮ್ಮದು.
ಉಣಕಲ್ ಕೆರಿ ಬರೂತನಾ ನಾನು ಮೊಬೈಲ್ ನೋಡಿದೆ.

ಶಿವರಾತ್ರಿ ಮುಗದು ಬಿಸಲು ಬಲತ ಮ್ಯಾಲೆ ಅವ ಬಂದ.
ಅಂಗಳ ತುಂಬ ಅರಳಿ ಹಾರತಿತ್ತು,
ಅವನ ಹುಬ್ಬಿಗೆ, ಮೀಸಿಗೆ, ನಮ್ಮ ತುಳಸಿಕಟ್ಟಿಗೆ ಹತ್ತಿ.
ನನ್ನ ತಮ್ಮ, ಆರನೇತ್ತೆ, ಮಾಳಿಗಿ ಮ್ಯಾಲಿಂದ ಒದರಿದ:
'ಏ ಗಾದ್ಯಾವನ, ನಂದು ಮೆತ್ತಗ ಮಾಡೋ!'
ನಾನು ನೀರು ಒಯ್ದೆ, ಸ್ಟೀಲಿನ ಲೋಟಾದಾಗ.
ಅವ್ವ ಲೋಟಾ ನೋಡಿದಳು, ನನ್ನ ನೋಡಿದಳು.
'ನೀವು ಕುಡೀರಿ' ಅಂದೆ.
ಅವ ಹೊಳ್ಳಿ ಹಿಂದ ನೋಡಿದ,
ಯಾರರ ದೊಡ್ಡವರು ಬಂದು ನಿಂತಾರೇನಂತ.

ಸಂಜೀಕ ಅವ್ವ ನೂರು ರೂಪಾಯಿ ಮುರಕೊಂಡು ಕೊಟ್ಟಳು.
ನಾನು ಅಲ್ಲೇ ಇದ್ದೆ.

ಸೋಮವಾರ ಡಬ್ಬಿ ಬಿಚ್ಚತಾ ದಿಲ್‌ಶಾದ ಕೇಳಿದಳು:
'ಅಪ್ಪಗ ನೀವು ಅಂದಿಯಂತ?'
ಶಾಬಾಸ್ ಅನ್ನಿಸಿಕೊಳ್ಳಾಕ ತಯಾರಾಗಿ ನಕ್ಕೆ.
ಆಕಿ ರೊಟ್ಟಿ ಮುರದಳು. ಚಟ್ನಿ ನನ್ನ ಕಡೆ ಸರಿಸಿದಳು.

'ರಾತ್ರಿ ಸರೀ ಮಲಗಿಲ್ಲ ಅವ.
ಏನ ತಪ್ಪು ಮಾಡೇನೋ,
ಇನ್ನ ಆ ಮನಿಗೆ ಕರ್ಯಾಂಗಿಲ್ಲ ಕಾಣತೈತಿ
ಅಂತಿದ್ದ.'