ತಿರುವಿನ ಮೇಲಿನ ಕೋಣೆ

ಲಿಸ್ಬನ್ನಿಗೆ ಹೋಗೋಣ, ಮೂರು ಹಗಲು ಎರಡು ರಾತ್ರಿ,
ಅಂದವಳು ನಾನೇ.
ಯಾರ್ಮಿಲಾ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.
ನಿವೃತ್ತಿಯಾಗಿ ಏಳು ತಿಂಗಳು.
ಇಪ್ಪತ್ತೊಂಬತ್ತು ವರ್ಷ ಬರ್ನೋ ಊರಿನ ಟ್ರಾಮು ಓಡಿಸಿದವಳು
ಈಗಲೂ ಮೂರೂವರೆಗೆ ಎದ್ದು
ಯಾವ ಬಂಡಿಯೂ ಕಾಯದ ಅಡುಗೆಮನೆಯಲ್ಲಿ
ಚಹಾ ಆರಿಸುತ್ತಾ ಕೂರುತ್ತಾಳೆ.

ಹೋಟೆಲು ಹುಡುಕಿದ್ದು ನನ್ನ ಮನೆಯ ಮೇಜಿನ ಮೇಲೆ,
ನಡುವೆ ಪ್ಲಮ್ ಕೇಕು, ಮಗನ ಹಳೇ ಲ್ಯಾಪ್‌ಟಾಪು.
ಒಂದಕ್ಕೆ ನದಿ ಕಾಣುವ ಕಿಟಕಿ; ಬಾಡಿಗೆ ಕಂಡರೆ ನದಿಯೇ ಬೇಡ.
ಒಂದರಲ್ಲಿ ಬೆಳಗಿನ ತಿಂಡಿ ಪುಕ್ಕಟೆ, ಊರು ಮಾತ್ರ ನಾಲ್ಕು ಮೈಲಿ ಆಚೆ.
ಒಂದರ ಹಾಸಿಗೆಯ ಮೇಲೆ ಟವೆಲಿನಲ್ಲಿ ಮಡಚಿದ ಹಂಸ.
"ಅದನ್ನು ಬಿಚ್ಚುವವರು ಯಾರು?" ಅಂದಳು ಯಾರ್ಮಿಲಾ.
ಅವತ್ತು ಬಾಯಿ ಬಿಟ್ಟದ್ದು ಅದೇ ಮೊದಲು.

ನಾಲ್ಕನೆಯದು: ಐದನೇ ಮಹಡಿ, ಲಿಫ್ಟಿಲ್ಲ,
ಗೋಡೆಗೆ ಆರಿದ ಸಾರಿನ ಬಣ್ಣ.
ತಂಗಿದವರು ಸಿಟ್ಟಿನಲ್ಲಿ ಬರೆದಿದ್ದರು:
ಕಿಟಕಿಯ ಕೆಳಗೇ ಟ್ರಾಮಿನ ತಿರುವು.
ನಡುರಾತ್ರಿಯ ತನಕ ಕಬ್ಬಿಣ ಕಿರುಚುತ್ತದೆ.
ಲೋಟದ ನೀರು ನಡುಗುತ್ತದೆ.
ರೆಪ್ಪೆಗೆ ರೆಪ್ಪೆ ಹತ್ತಲಿಲ್ಲ, ದುಡ್ಡು ವಾಪಸು ಕೊಡಿ.

ನಾನು ಮುಂದಿನದಕ್ಕೆ ಬೆರಳು ಸರಿಸಿದೆ.
ಅವಳು ನನ್ನ ಮಣಿಕಟ್ಟು ಹಿಡಿದಳು.
"ಇನ್ನೊಮ್ಮೆ ಓದು, ಆ ನೀರಿನದು."

*

ಕೀಲಿ ಕೊಡುವ ಮೊದಲೇ ಗ್ರಾಸಿಂಡಾ ಕ್ಷಮೆ ಕೇಳಿದಳು,
ಎರಡು ಜೊತೆ ಕಿವಿಹತ್ತಿ ಕೈಗಿಟ್ಟಳು.
ಮೆಟ್ಟಿಲು ತೊಂಬತ್ತೆರಡು. ಎಣಿಸಿದ್ದು ನನ್ನ ಮಂಡಿ.
ಏದುಸಿರಿನಲ್ಲೇ ಯಾರ್ಮಿಲಾ ಕಿಟಕಿ ತೆಗೆದಳು.
ಹಳದಿ ಬಂಡಿಯೊಂದು ಗೋಡೆಗೆ ಮೈ ಉಜ್ಜುವ ಹಾಗೆ
ಮೂಲೆಯಲ್ಲಿ ಬಗ್ಗಿ, ಚೀರಿ,
ಸೊಂಟ ನೆಟ್ಟಗೆ ಮಾಡಿಕೊಂಡು ಹೋಯಿತು.
"ತಿರುವಿಗೆ ಗ್ರೀಸು ಕಮ್ಮಿ,"
ಅಂದು, ಎಷ್ಟೋ ತಿಂಗಳಿಗೆ ನಕ್ಕಳು.

ಮರುದಿನ ಕೋಟೆ ನೋಡಬೇಕಿತ್ತು. ನೋಡಲಿಲ್ಲ.
ಮಠದ ಕಲ್ಲಿನ ಕೆತ್ತನೆ ನೋಡಬೇಕಿತ್ತು;
ಅರ್ಧ ಗಂಟೆ ಸಾಲಿನಲ್ಲಿ ನಿಂತು, ಸಾಲನ್ನೇ ನೋಡಿ ಬಂದೆವು.
ಮೊಟ್ಟೆಯ ಕೆನೆ ತುಂಬಿದ ಬಿಲ್ಲೆ ತಲಾ ಮೂರು ತಿಂದೆವು,
ಅದರಲ್ಲಿ ಮೋಸ ಮಾಡಿಕೊಳ್ಳಲಿಲ್ಲ.
ಉಳಿದ ಹೊತ್ತೆಲ್ಲ ಬಂಡಿಯಲ್ಲೇ, ಚಾಲಕನ ಬೆನ್ನ ಹಿಂದೆ,
ಮಿಕ್ಕವರು ಹೊರಗೆ ನೋಡುವಾಗ
ಇಬ್ಬರು ಮುದುಕಿಯರು ಅವನ ಕೈ ನೋಡುತ್ತಾ.
ನಾನು ಟಿಕೆಟು ತಪಾಸಣೆಯಲ್ಲಿದ್ದವಳು.
ಅಭ್ಯಾಸಬಲ, ಪಕ್ಕದವನ ಚೀಟಿಯನ್ನೂ ಓದಿದೆ.

ಅಮಾದೇವು ಎಂದಿತ್ತು ಎದೆಯ ಪಟ್ಟಿಯಲ್ಲಿ.
ಕೊನೆಯ ನಿಲ್ದಾಣದಲ್ಲಿ ಯಾರ್ಮಿಲಾ ಅವನ ಮುಂದೆ ನಿಂತು
ತನ್ನ ಎದೆ ಮುಟ್ಟಿಕೊಂಡು,
ಕಲ್ಲುಹಾಸಿನ ಮೇಲೆ ಕಾಲಿನಿಂದ ಬ್ರೇಕು ಒತ್ತಿ ತೋರಿಸಿದಳು.
ಹತ್ತು ಬೆರಳು, ಮತ್ತೆ ಹತ್ತು,
ಮತ್ತೆ ಹತ್ತರಲ್ಲಿ ಒಂದು ಮಡಚಿ.
ಅವನು ಟೊಪ್ಪಿ ತೆಗೆದ.
ಆಮೇಲೆ, ಮನೆಗೆ ಬಂದವರಿಗೆ ಪಾತ್ರೆಯ ಮುಚ್ಚಳ ಎತ್ತುವಂತೆ,
ಮರಳಿನ ಪೆಟ್ಟಿಗೆ ತೆರೆದ.
ಇಬ್ಬರೂ ಒಂದೊಂದು ಚಿಟಿಕೆ ತೆಗೆದು
ಬೆರಳಲ್ಲಿ ಹೊಸೆದರು, ಅಕ್ಕಿ ಕೊಳ್ಳುವವರ ಹಾಗೆ.
"ನಮ್ಮೂರಿನದು ಇನ್ನೂ ಸಣ್ಣ. ಇದು ಒದ್ದೆ,"
ಅಂದಳು, ನನಗೆ ಮಾತ್ರ ತಿಳಿಯುವ ಭಾಷೆಯಲ್ಲಿ, ನಗುತ್ತಲೇ.

*

ರಾತ್ರಿ ನನಗೆ ನಿದ್ದೆಯಿಲ್ಲ. ಬರೆದವರು ಸತ್ಯವಂತರು.
ಲೋಟದ ನೀರು ನಡುಗುತ್ತದೆ.
ಪಕ್ಕದ ಮಂಚದಲ್ಲಿ ಅವಳ ಗೊರಕೆ,
ತಿರುವಿಗೆ ಬಂಡಿ ಬಂದಾಗಲೆಲ್ಲ
ಹೊದಿಕೆಯೊಳಗೆ ಅವಳ ಪಾದ
ಮೆಲ್ಲಗೆ ಒತ್ತುತ್ತದೆ, ಬಿಡುತ್ತದೆ.

ಕೊನೆಯ ಬಂಡಿ ಹೋಯಿತು. ಬೀದಿ ಮಾತು ನಿಲ್ಲಿಸಿತು.
ಈಗ ಎದ್ದಾಳೆಂದು ಕಾದೆ.
ಏಳಲಿಲ್ಲ.
ನದಿ ಎಲ್ಲೋ ಇತ್ತು ಕತ್ತಲಲ್ಲಿ,
ನಾವು ಬಾಡಿಗೆ ಕೊಡದ ದಿಕ್ಕಿಗೆ.
ಕಿವಿಹತ್ತಿ ತೆಗೆದಿಟ್ಟು
ಮೊದಲ ಬಂಡಿಗೆ ನಾನು ಕಾಯತೊಡಗಿದೆ.