ನಾಲ್ಕು ಮಿಲಿಗ್ರಾಂ

ಹೋದ ವರ್ಷ ತರಿಸಿದ್ದು ಸತ್ತೇ ಬಂತು.
ನಿಂಬೆಹಳದಿ ಇರಬೇಕಾದ ಪುಡಿ
ಹುಬ್ಬಳ್ಳಿಯ ಕೊರಿಯರ್ ಗೋದಾಮಿನಲ್ಲಿ ಮೂರು ದಿನ ಕೂತು
ಗಾಳಿ ಕುಡಿದು, ಸೆಕೆ ಕುಡಿದು
ಕಂದು ಬಣ್ಣಕ್ಕೆ ತಿರುಗಿತ್ತು.
ಹದಿನೆಂಟು ಸಾವಿರ ರೂಪಾಯಿ.
ಗೈಡು ಬಾಟಲಿ ಎತ್ತಿ ಬೆಳಕಿಗೆ ಹಿಡಿದರು,
ಏನೂ ಅನ್ನಲಿಲ್ಲ. ಬೈದಿದ್ದರೆ ಚಲೋ ಇತ್ತು.

ಈ ಸಲದ್ದು ಬೇರೆ.
ಬಾಗಲಕೋಟೆ, ನವನಗರ, ಏಪ್ರಿಲ್;
ಡಾಂಬರು ಚಪ್ಪಲಿಗೆ ಅಂಟುವ ಮಧ್ಯಾಹ್ನ
ಸೈಕಲ್ ಮೋಟಾರಿನ ಡಬ್ಬಿಯಲ್ಲಿ ಬೇಯುತ್ತ ಬಂದರೂ
ಪುಡಿಗೆ ಏನೂ ಆಗಿಲ್ಲ.
ಹಳೇ ಜೋಳದ ಹಿಟ್ಟಿನ ಬಣ್ಣ. ಪ್ರಿಕ್ಯಾಟಲಿಸ್ಟ್.
ಪಲ್ಲಾಡಿಯಂ ಒಳಗೆ ಮಲಗಿದೆ,
ಒಂದು ಮಗ್ಗುಲಿಗೆ ಕ್ಲೋರಿನ್ನು,
ಇನ್ನೊಂದಕ್ಕೆ ದಪ್ಪ ಮೈಯ ಫಾಸ್ಫೀನು,
ಕಾಲದೆಸೆಗೆ ಉದ್ದಕ್ಕೆ ಚಾಚಿಕೊಂಡ ಅಮೈನು:
ಬೀಗರು ತುಂಬಿದ ಮನೆಯಲ್ಲಿ
ನಡುವೆ ನಿದ್ದೆಹೋದ ಕೂಸು.

ತೂಗುವಾಗ ಫ್ಯಾನ್ ಬಂದ್.
ಹುಚ್ಚೇಶಪ್ಪ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಾನೆ.
"ಅಕ್ಕಾರ, ಉಸರ ಬಿಗಿ ಹಿಡೀರಿ."
ನಾಲ್ಕು ಮಿಲಿಗ್ರಾಂ.
ಕಿರುಬೆರಳಿನ ಉಗುರ ಮೇಲೆ ನಿಲ್ಲುವಷ್ಟು.
"ಇಟ್ಟಕ ಇಷ್ಟ ಸಂಭ್ರಮ ಏನ್ರಿ?"

ಅವನಿಗೆ ಇಳಕಲ್ಲಿನ ಚಿಗವ್ವನ ಸುದ್ದಿ ಹೇಳುತ್ತೇನೆ.
ಸಾವಂತ್ರೆವ್ವ ಮಗ್ಗಕ್ಕೆ ಕೂರುವವಳಲ್ಲ.
ಒಡಲಿನ ಹಾಸು ಹತ್ತಿ, ಸೆರಗಿನ ಹಾಸು ರೇಷ್ಮೆ,
ಒಂದನ್ನೊಂದು ಒಲ್ಲವು.
ನಡುವೆ ಕೂತು, ಎಳೆಯೊಳಗೆ ಎಳೆ ತೂರಿಸಿ
ಕೊಂಡಿ ಹಾಕುವುದು ಅವಳ ಕೆಲಸ.
ಸೀರೆ ಮಡಿಕೆಯಾಗಿ ಅಂಗಡಿ ಸೇರಿದ ಮೇಲೆ
ಅವಳ ಕೈ ಎಲ್ಲಿತ್ತೆಂದು ಹುಡುಕಿದರೆ ಸಿಗದು.
ಹುಚ್ಚೇಶಪ್ಪ ತಲೆ ಆಡಿಸುತ್ತಾನೆ.
ಪೂರ್ತಿ ಒಪ್ಪಿದ್ದಾನೆ ಅಂತಲ್ಲ.

ಆರ್ಗಾನ್ ಗುಳುಗುಳು ಅನ್ನುತ್ತದೆ.
ಫಾಸ್ಫೇಟಿನ ನೀರು ಒಳಗೆ ಬಿದ್ದಿದ್ದೇ
ಮೊದಲು ಏಳುವುದು ಅಮೈನು.
ಪಲ್ಲಾಡಿಯಮ್ಮನ್ನು ಹಿಡಿದಿದ್ದ ತನ್ನೆರಡು ಕೈ
ತಾನೇ ಕೂಡಿಸಿಕೊಂಡು, ಕಾರ್ಬಜೋಲ್ ಆಗಿ
ಹೊರಟೇಹೋಗುತ್ತದೆ.
ಹೋಗುವಾಗ,
ಊರಿಗೆ ಹೊರಟ ಸೋದರತ್ತೆ ಕೂಸಿನ ಮುಷ್ಟಿಯಲ್ಲಿ
ಎರಡು ರೂಪಾಯಿ ತುರುಕಿದ ಹಾಗೆ,
ಎರಡು ಎಲೆಕ್ಟ್ರಾನು.
ಆಗ ಎಚ್ಚರ.

ಬ್ರೋಮಿನ್ ಹೊತ್ತ ಉಂಗುರವೊಂದು,
ಬೋರಾನ್ ಹೊತ್ತ ಉಂಗುರವೊಂದು.
ಹೊರೆ ಇಳಿಸಿರಿ, ಬರ್ರಿ, ಹತ್ತಿರ ಬರ್ರಿ.
ಕೋಣೆಯ ಉಷ್ಣತೆಯಲ್ಲಿ ಕಲಕಿರಿ ಅಂತ ಬರೆದಿದ್ದಾರೆ;
ಅವರ ಕೋಣೆ ಇಪ್ಪತ್ತೈದು, ನಮ್ಮದು ನಲವತ್ತು.
ಮೂರಕ್ಕೆ ಕರೆಂಟು ಹೋಯಿತು.
ಕಲಕುವ ಅಯಸ್ಕಾಂತ ನಿಂತಿತು.
ಹುಚ್ಚೇಶಪ್ಪ ಕೇಳದೆಯೇ ಫ್ಲಾಸ್ಕಿನ ಕೊರಳು ಹಿಡಿದು
ಮಜ್ಜಿಗೆ ಅಲುಗಿಸಿದಂತೆ ಅಲುಗಿಸುತ್ತ ನಿಂತ,
ಒಂದು ತಾಸು,
ತನ್ನ ಎಮ್ಮೆಯ ದೂರು ಹೇಳುತ್ತ.

ಸಂಜೆ, ನೇರಳೆ ದೀಪದ ಕೆಳಗೆ
ಎರಡೂ ಇರದ ಜಾಗದಲ್ಲಿ
ಒಂದು ನೀಲಿ ಚುಕ್ಕೆ, ಹೊಸದು.
ಫ್ಲಾಸ್ಕಿನ ತಳದಲ್ಲಿ ಕಪ್ಪು.
ಪುಸ್ತಕದ ಪ್ರಕಾರ ಪಲ್ಲಾಡಿಯಂ ಸವೆಯಬಾರದು,
ಹೇಗೆ ಬಂತೋ ಹಾಗೇ ಹೊರಗೆ ಬರಬೇಕು.
ಪುಸ್ತಕ ಬರೆದವರು ಫ್ಲಾಸ್ಕ್ ತೊಳೆದಿರಲಿಕ್ಕಿಲ್ಲ.
"ಕಾಡಿಗಿ ಏನ್ರಿ ಇದು?"
ಹೌದು, ಬಂಗಾರದ ಸಾಲಿನ ಕಾಡಿಗೆ.
ಕೆರೆದು ಸಣ್ಣ ಬಾಟಲಿಗೆ ಹಾಕಿ ಚೀಟಿ ಅಂಟಿಸಿದೆ.

ರಾತ್ರಿ ಫೋನಿನಲ್ಲಿ ಚಿಗವ್ವನಿಗೆ ಹೇಳಿದೆ,
ಎರಡು ಕೂಡಿದವು ಅಂತ.
ಕಣ್ಣಿಗೆ ಪೊರೆ ಬಂದು ಎರಡು ವರ್ಷ,
ಈಗ ಬೆರಳಿನಿಂದಲೇ ಎಳೆ ಎಣಿಸುತ್ತಾಳೆ.
"ಗಂಟು ಕೈಗೆ ಹತ್ತತಾವೇನು?"
ಇಲ್ಲ.
"ಹಂಗಾರ ಬರೋಬ್ಬರಿ ಆಗೇತಿ ತಗೋ.
ಉಂಡಿಯಿಲ್ಲೋ?"