ಕೊನೆಯ ಪುಟದ ಲೆಕ್ಕ

ಕಾರ್ತಿಕ ಕಳೆದ ಮೇಲೆ ಬರುತ್ತದೆ ಮೀನುಡೇಗೆ.
ಎಲ್ಲಿಂದ ಎಂದರೆ ಪುರ್ಸು ಅಂಬಿಗ
ಬಾಯಿಂದ ಬೀಡಿ ತೆಗೆಯದೆ ಗದ್ದ ಎತ್ತಿ
ಉತ್ತರ ತೋರಿಸುತ್ತಾನೆ. ಅದೇ ಉತ್ತರ.

ತದಡಿಯ ಧಕ್ಕೆಯಲ್ಲಿ ತೂಕ ಬರೆಯುವವಳು ನಾನು.
ಬಂಗಡೆ ಇಷ್ಟು, ತಾರ್ಲೆ ಇಷ್ಟು, ಬುಟ್ಟಿಯ ತೂಕ ಕಳೆದು ಇಷ್ಟು,
ಕರಗಿದ ಮಂಜುಗಡ್ಡೆ ಯಾರ ಬಾಬ್ತು ಎಂಬ ಜಗಳ ಬೇರೆ.
ಮನೆಗೆ ಹೋದರೂ ಎರಡು ಹುರುಪೆ ಮುಂಗೈಗೆ ಅಂಟಿರುತ್ತವೆ
ಬಳೆಯ ಪಕ್ಕ, ಬಳೆಗಿಂತ ಹೊಳೆಯುತ್ತ.

ಧಕ್ಕೆಯಿಂದ ಇನ್ನೂರು ಮಾರು ಆಚೆ, ಅಳಿವೆಯ ಬಾಯಲ್ಲಿ
ಪುರ್ಸುವಿನ ದೋಣಿ ಮುಳುಗಿ ಮೂರು ವರ್ಷ.
ಮರಳ ದಿಬ್ಬ ಜಾಗ ಬದಲಿಸಿದ್ದು ಕತ್ತಲಲ್ಲಿ ಕಂಡಿರಲಿಲ್ಲ.
ಆರು ಜನವೂ ಈಜಿ ಬಂದರು. ಒಬ್ಬನ ಕೈಯಲ್ಲಿ
ಚಾದ ಕಿಟ್ಲಿ ಇತ್ತು, ಯಾಕೆಂದು ಅವನಿಗೂ ಗೊತ್ತಿಲ್ಲ.
ದೋಣಿ ಮಾತ್ರ ಅಲ್ಲೇ. ನೀರಿಳಿದಾಗ
ಅದರ ಕಬ್ಬಿಣದ ಕಂಬ, ತುಸು ವಾಲಿ,
ಎರಡಾಳು ಎತ್ತರ ಹೊರಗೆ ಬರುತ್ತದೆ.

ಹಕ್ಕಿಗೆ ಬೇಕಾದದ್ದು ಆ ತುದಿ.

ಕಣ್ಣಿನಡ್ಡ ಕಾಡಿಗೆ ಎಳೆದ ಬಿಳಿ ತಲೆ.
ಕೂತರೆ ಕೂತೇ ಇರುತ್ತದೆ, ಬೆಳಚು ಹೆಕ್ಕುವ ಹೆಂಗಸರು
ಸೊಂಟದ ನೀರಲ್ಲಿ ಅದರ ಕೆಳಗೇ ಹಾದು ಹೋದರೂ.
ಗರುಡ ಕೆಣಕಿ ಹೋಗುತ್ತದೆ. ಕಾಗೆ ಬಾಲ ಎಳೆಯುತ್ತದೆ.
ಆಮೇಲೆ ಯಾವಾಗಲೋ
ನಾನು ನೋಡುತ್ತಿದ್ದರೂ ನನಗೂ ಸಿಗದ ಹಾಗೆ
ಎದ್ದಿರುತ್ತದೆ. ಗಾಳಿಯಲ್ಲಿ ಒಂದೇ ಕಡೆ
ರೆಕ್ಕೆ ಬಡಿಯುತ್ತ ನಿಂತಿರುತ್ತದೆ, ತಕ್ಕಡಿಯ ಮುಳ್ಳು
ನಡುವಿಗೆ ಬರುವ ಮುಂಚೆ ನಡುಗುವಂತೆ.
ನಿಂತಿತು ಮುಳ್ಳು.
ಬಿತ್ತು.

ಕಾಲು ಮುಂದು, ರೆಕ್ಕೆ ಹಿಂದು. ನೀರು ಒಡೆದ ಸದ್ದು
ನಮ್ಮ ಕಿವಿಗೆ ಬರುವಷ್ಟರಲ್ಲಿ ಮತ್ತೆ ಮೇಲೆ.
ಹಾರುತ್ತಲೇ ಮೈ ಕೊಡವಿ, ಮೀನನ್ನು
ತಲೆ ಮುಂದಾಗುವಂತೆ ತಿರುಗಿಸಿ ಹಿಡಿಯುತ್ತದೆ.
ಶೇವಟೆ ಹೋಗುತ್ತದೆ ಆಕಾಶದಲ್ಲಿ
ತಾನೇ ಈಜುತ್ತಿರುವ ಗತ್ತಿನಲ್ಲಿ.

"ಎಷ್ಟಾಗ್ಬಹುದು?" ಪುರ್ಸು ಕೇಳುತ್ತಾನೆ.
"ಅರ್ಧ ಕಿಲೋ."
"ಬರ್ಕೊ."

ತಮಾಷೆಗೆ ಶುರುವಾದದ್ದು. ರಿಜಿಸ್ಟರಿನ ಕೊನೆಯ ಪುಟ,
ಮಾಲೀಕರ ಹೆಸರಿನ ಜಾಗದಲ್ಲಿ 'ಕಂಬ' ಎಂದು ಬರೆದೆ.
ತಾರೀಕು, ಮೀನು, ತೂಕ. ದರದ ಕಾಲಂ ಖಾಲಿ.
ಕಮಿಷನ್ ಖಾಲಿ.
ಡಿಸೆಂಬರಿನಲ್ಲಿ ಒಟ್ಟು ಹದಿನಾಲ್ಕು ಕಿಲೋ ಎಂದಾಗ
ಪುರ್ಸು ತಲೆದೂಗಿದ: "ನನ್ನ ದೋಣಿ ಈಗ
ಸಾಲ ಇಲ್ದೆ ಮೀನು ಹಿಡೀತದೆ."

ಕುಮಟೆಯಿಂದ ಗುಜರಿಯವನು ಬಂದ, ಗ್ಯಾಸ್ ಕಟರ್ ಸಮೇತ.
ಕಬ್ಬಿಣಕ್ಕೆ ಒಳ್ಳೆ ರೇಟು, ಇಳಿತದಲ್ಲಿ ಎರಡು ತಾಸಿನ ಕೆಲಸ.
ಪುರ್ಸುವಿಗೆ ದುಡ್ಡು ಬೇಕಿತ್ತು. ಎಷ್ಟು ಬೇಕಿತ್ತೆಂದು
ನನಗೆ ಗೊತ್ತು, ಸೊಸೈಟಿಯ ಪುಸ್ತಕವೂ ನನ್ನ ಹತ್ತಿರವೇ.
ಕಂಬ ನೋಡಿದ. ಉಗುಳಿದ.
"ಸುಗ್ಗಿ ಕಳೀಲಿ. ಬಾಡಿಗೆಯವ್ರು ಇದ್ದಾರೆ."

ಆ ವಾರವೇ ಒಂದು ದಿನ ಬೆಳಿಗ್ಗೆಯಿಂದ ಹದಿಮೂರು ಸಲ
ಬಿದ್ದು, ಹದಿಮೂರು ಸಲವೂ ಖಾಲಿ ಕಾಲಲ್ಲಿ ಎದ್ದಿತು.
ಹೊಳೆ ರಾಡಿ. ಮೇಲೆಲ್ಲೋ ಮರಳು ತೆಗೆಯುತ್ತಿದ್ದರು.
ಸಂಜೆ ಪುಸ್ತಕ ಮುಚ್ಚಲು ಹೋದೆ.
"ಬರಿ" ಅಂದ.
"ಏನಂತ? ಏನೂ ಸಿಕ್ಕಿಲ್ಲವಲ್ಲ."
"ಅದ್ನೇ ಬರಿ. ನಾವು ಬರಿಗೈಲಿ ಬಂದ ದಿನ
ಡೀಸೆಲ್ ಬರೀತಿರ್ಲಿಲ್ವಾ ನೀನು?"

ಬರೆದೆ: ಹದಿಮೂರು.
ಯಾವ ಕಾಲಮಿಗೆ ಎಂದು ತಿಳಿಯದೆ
ಎರಡು ಕಾಲಮಿನ ನಡುವಿನ ಗೆರೆಯ ಮೇಲೆ.

ಈಗ ಹೊಳೆಯಾಚೆಯಿಂದ ಸುಗ್ಗಿಯ ಗುಮಟೆ ಕೇಳುತ್ತಿದೆ.
ನಾಲ್ಕು ದಿನವಾಯಿತು ತುದಿ ಖಾಲಿಯಾಗಿ.
ನಾನು ಹೇಳಿಲ್ಲ, ಅವನು ಕೇಳಿಲ್ಲ.
ಗುಜರಿಯವನ ಫೋನು ಬಂದರೆ ಪುರ್ಸು ಸ್ಕ್ರೀನನ್ನು
ಲುಂಗಿಗೆ ಒರೆಸಿ ಮತ್ತೆ ಕಿಸೆಗೆ ಹಾಕುತ್ತಾನೆ.
ನೀರಿಳಿದಿದೆ. ಕಂಬದ ಉದ್ದಕ್ಕೂ ಬಿಳಿ ಹಿಕ್ಕೆ,
ಮನೆ ಬಿಡುವ ಮುಂಚೆ ಸುಣ್ಣ ಬಳಿದು ಹೋದಂತೆ.

ಕಾಗೆಯೊಂದು ಬಂದು ಕೂತಿತು.
"ಅದು ಲೆಕ್ಕಕ್ಕಿಲ್ಲ" ಎಂದ ಪುರ್ಸು,
ಆ ಕಡೆ ನೋಡದೆಯೇ.